ಹಾಡಿಯ ಮನೆಗೆ ಪೇಟೆಯ ದರ: ವೆಚ್ಚದ ಲೆಕ್ಕ ತಪ್ಪಿದಾಗ ಪ್ರಶ್ನಿಸುವ ಬಗೆ

ಕಟ್ಟಡದ ಅಂದಾಜುಪಟ್ಟಿಯ ಜೊತೆ ‘ಲೀಡ್ ಸ್ಟೇಟ್‌ಮೆಂಟ್’ ಎಂಬ ಒಂದು ಹಾಳೆ ಇರುತ್ತದೆ. ಮರಳು ಎಲ್ಲಿಂದ ಬರುತ್ತದೆ, ಜಲ್ಲಿ ಎಲ್ಲಿಂದ, ಸಿಮೆಂಟ್ ಎಲ್ಲಿಂದ, ಎಷ್ಟು ಕಿಲೋಮೀಟರ್ ಎಂದು ಅದರಲ್ಲಿ ಬರೆಯಬೇಕು. ಕಿರಿಯ ಎಂಜಿನಿಯರ್ ಆಗಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಜೇನುಕುರುಬ ಬುಡಕಟ್ಟಿನವರ ಒಂದು ಹಾಡಿಯ (ಕಾಡಂಚಿನ ವಸತಿಯ) ಮನೆಗಳಿಗೆ ಆ ಹಾಳೆಯನ್ನು ಕಚೇರಿಯಲ್ಲೇ ಕುಳಿತು ತುಂಬಿದೆ. ಪೇಟೆಯಿಂದ ಊರಿನ ಬಸ್ ನಿಲ್ದಾಣಕ್ಕೆ ಎಷ್ಟು ದೂರವೋ ಅಷ್ಟನ್ನೇ ಬರೆದೆ. ಹಾಡಿ ಇದ್ದದ್ದು ಅಲ್ಲಿಂದ ಮೂರು ಕಿಲೋಮೀಟರ್ ಒಳಗೆ, ಅರಣ್ಯ ಇಲಾಖೆಯ ಗೇಟು ದಾಟಿ, ಒಂದು ಹಳ್ಳ ಇಳಿದು ಹತ್ತಿದ ಮೇಲೆ. ನಾನು ಬಿಟ್ಟ ಆ ಮೂರು ಕಿಲೋಮೀಟರಿನ ಬಾಡಿಗೆಯನ್ನು ಹಾಡಿಯ ಜನ ಸಾಲ ಮಾಡಿ ಕೊಟ್ಟರು. ಅದು ನನಗೆ ಗೊತ್ತಾದದ್ದು ನಾಲ್ಕು ವರ್ಷಗಳ ನಂತರ, ಲಿಂಟಲ್ ಮಟ್ಟಕ್ಕೆ ನಿಂತುಹೋದ ಗೋಡೆಗಳನ್ನು ಕಣ್ಣಾರೆ ಕಂಡಾಗ.

ನಿವೃತ್ತನಾದ ಮೇಲೆ ಕಾಡಂಚಿನ ಹಾಡಿಗಳವರಿಗೆ ಇಂಥ ಲೆಕ್ಕಗಳನ್ನು ಪ್ರಶ್ನಿಸಲು ನೆರವಾಗುತ್ತಿದ್ದೇನೆ. ಹೇಗೆ ಪ್ರಶ್ನಿಸಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ. ಹಾಡಿಯ ಯುವಕರು, ಸಂಘದ ಕಾರ್ಯಕರ್ತರು, ಗ್ರಾಮ ಪಂಚಾಯಿತಿ ಸದಸ್ಯರು ಯಾರಾದರೂ ಇದನ್ನು ಮಾಡಬಹುದು. ಎಂಜಿನಿಯರಿಂಗ್ ಓದಿರಬೇಕೆಂದಿಲ್ಲ. ಕೂಡಿಸಿ ಗುಣಿಸಲು ಬಂದರೆ ಸಾಕು.

ಮೊದಲು, ಯಾವ ಅಂಕಿ ತಪ್ಪು?

“ಕೊಟ್ಟ ದುಡ್ಡು ಸಾಲುವುದಿಲ್ಲ” ಎಂದು ಬರೆದ ಅರ್ಜಿಗಳನ್ನು ನಾನು ನೂರಾರು ನೋಡಿದ್ದೇನೆ. ಮೇಜಿನ ಆಚೆ ಕುಳಿತು ಅವುಗಳನ್ನು ಕಡತಕ್ಕೆ ಸೇರಿಸಿಯೂ ಇದ್ದೇನೆ. ಅಂಥ ಅರ್ಜಿಗೆ ಕಚೇರಿಯಲ್ಲಿ ಒಂದೇ ಉತ್ತರ: “ಸರ್ಕಾರ ನಿಗದಿಪಡಿಸಿದ ಸಹಾಯಧನ ನೀಡಲಾಗಿದೆ.” ಅಲ್ಲಿಗೆ ಅರ್ಜಿ ಮುಗಿಯುತ್ತದೆ. ಆದ್ದರಿಂದ ಮೂರು ಬೇರೆ ಬೇರೆ ಅಂಕಿಗಳನ್ನು ಮನಸ್ಸಿನಲ್ಲಿ ಬಿಡಿಸಿಟ್ಟುಕೊಳ್ಳಿ.

ಒಂದು, ಸಹಾಯಧನದ ಮೊತ್ತ. ಇದನ್ನು ದೆಹಲಿಯಲ್ಲೋ ಬೆಂಗಳೂರಿನಲ್ಲೋ ನಿಗದಿ ಮಾಡುತ್ತಾರೆ. ಪ್ರಧಾನಮಂತ್ರಿ ಆವಾಸ್ ಯೋಜನೆ ಗ್ರಾಮೀಣದಲ್ಲಿ ಬಯಲು ಪ್ರದೇಶಕ್ಕೆ 1.20 ಲಕ್ಷ, ಗುಡ್ಡಗಾಡು ಮತ್ತು ದುರ್ಗಮ ಪ್ರದೇಶಕ್ಕೆ 1.30 ಲಕ್ಷ. 2016ರಲ್ಲಿ ಯೋಜನೆ ಶುರುವಾದಾಗಲೂ ಇದೇ ಮೊತ್ತ ಇತ್ತು. 2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಯೋಜನೆಯನ್ನು ಮುಂದುವರಿಸಿದಾಗಲೂ ಇದೇ ಮೊತ್ತ ಉಳಿಯಿತು. ನಮ್ಮ ರಾಜ್ಯದ ಜೇನುಕುರುಬರು ಮತ್ತು ಕೊರಗರು ವಿಶೇಷ ದುರ್ಬಲ ಬುಡಕಟ್ಟುಗಳ ಪಟ್ಟಿಯಲ್ಲಿರುವುದರಿಂದ ಅವರಿಗೆ 2023ರ ನವೆಂಬರ್‌ನಲ್ಲಿ ಆರಂಭವಾದ ಪಿಎಂ ಜನ್‌ಮನ್ ಎಂಬ ಕೇಂದ್ರದ ಯೋಜನೆ ಅನ್ವಯಿಸುತ್ತದೆ. ಅದರಲ್ಲಿ ಮನೆಗೆ 2 ಲಕ್ಷ. ಸಂಪುಟ ಒಪ್ಪಿದ ಲೆಕ್ಕದಲ್ಲಿ ಒಂದು ಮನೆಗೆ 2.39 ಲಕ್ಷ ಎಂದು ಇದೆ. ಹೆಚ್ಚಿನ 39 ಸಾವಿರದಲ್ಲಿ 12 ಸಾವಿರ ಶೌಚಾಲಯಕ್ಕೆ, ಉಳಿದ 27 ಸಾವಿರ ಉದ್ಯೋಗ ಖಾತರಿಯ ಕೂಲಿಗೆ. ಈ ಎರಡು ಬಾಬ್ತಿನಿಂದ ಮನೆಗೆ ಒಂದು ಮೂಟೆ ಸಿಮೆಂಟನ್ನೂ ಕೊಳ್ಳಲಾಗದು. “ನಿಮಗೆ 2.39 ಲಕ್ಷ ಕೊಟ್ಟಿದ್ದೇವೆ” ಎಂದು ಯಾರಾದರೂ ಹೇಳಿದರೆ ಈ ಲೆಕ್ಕವನ್ನು ವಿನಯದಿಂದಲೇ ಬಿಡಿಸಿ ಹೇಳಿ.

ಎರಡು, ಮಾದರಿ ಅಂದಾಜುಪಟ್ಟಿ. ಇಷ್ಟು ಅಳತೆಯ ಮನೆಗೆ ಇಷ್ಟು ಕಲ್ಲು, ಇಷ್ಟು ಕಬ್ಬಿಣ, ಇಷ್ಟು ಕೂಲಿ ಎಂಬ ಲೆಕ್ಕ ಇದು. ಇದನ್ನು ಬರೆಯುವವರು ಎಂಜಿನಿಯರುಗಳು.

ಮೂರು, ಲೋಕೋಪಯೋಗಿ ಇಲಾಖೆಯ ದರಪಟ್ಟಿ. ಎಲ್ಲರೂ ‘ಎಸ್.ಆರ್.’ ಎಂದೇ ಕರೆಯುತ್ತಾರೆ. ಅಂದಾಜುಪಟ್ಟಿಯ ಪ್ರತಿ ಬಾಬ್ತಿಗೂ ದರ ಇಲ್ಲಿಂದಲೇ ಬರುತ್ತದೆ.

ಮೊದಲನೆಯದನ್ನು ಜಿಲ್ಲೆಯ ಯಾವ ಅಧಿಕಾರಿಯೂ ಬದಲಿಸಲಾರರು. ಎರಡನೆಯದನ್ನೂ ಮೂರನೆಯದನ್ನು ಅನ್ವಯಿಸಿದ ರೀತಿಯನ್ನೂ ಜಿಲ್ಲೆಯಲ್ಲೇ ತಿದ್ದಿಸಬಹುದು. ಅಲ್ಲಿ ತಿದ್ದಿಸಿದ ಕಾಗದ ಕೈಯಲ್ಲಿದ್ದರೆ ಮೊದಲನೆಯದನ್ನು ಮೇಲಿನವರ ಮುಂದೆ ಪ್ರಶ್ನಿಸಲು ಗಟ್ಟಿ ಆಧಾರ ಸಿಗುತ್ತದೆ. ಈ ಅನುಕ್ರಮ ತಪ್ಪಿಸಬೇಡಿ.

ಕಾಗದ ತರಿಸಿಕೊಳ್ಳುವುದು

ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, ಅದು 150 ಪದ ಮೀರಬಾರದು. ಇದನ್ನು ಮರೆತು ಮೂರು ಪುಟ ಬರೆದವರ ಅರ್ಜಿಗಳು ಆ ಕಾರಣಕ್ಕೇ ವಾಪಸಾಗಿವೆ. ಶುಲ್ಕ 10 ರೂಪಾಯಿ. ಬಿಪಿಎಲ್ ಪಡಿತರ ಚೀಟಿಯ ಪ್ರತಿ ಲಗತ್ತಿಸಿದರೆ ಅದೂ ಬೇಡ. ನಾನು ಬರೆದುಕೊಡುವ ಒಕ್ಕಣೆ ಹೀಗಿರುತ್ತದೆ:

“…… ಗ್ರಾಮ ಪಂಚಾಯಿತಿ ವ್ಯಾಪ್ತಿಯ …… ಹಾಡಿಗೆ …… ಯೋಜನೆಯಡಿ ಮಂಜೂರಾದ ಮನೆಗಳಿಗೆ ಸಂಬಂಧಿಸಿದ ಕೆಳಕಂಡ ದಾಖಲೆಗಳ ದೃಢೀಕೃತ ಪ್ರತಿಗಳನ್ನು ಒದಗಿಸುವುದು: ಮಾದರಿ ನಕ್ಷೆ ಮತ್ತು ಅಂದಾಜುಪಟ್ಟಿ, ಅದರ ಲೀಡ್ ಸ್ಟೇಟ್‌ಮೆಂಟ್, ಅನ್ವಯಿಸಿದ ದರಪಟ್ಟಿಯ ವರ್ಷ, ಹಾಡಿಗೆ ಸ್ಥಳ ತನಿಖೆ ನಡೆಸಿದ್ದರೆ ಅದರ ವರದಿ, ಕಂತುಗಳು ಬಿಡುಗಡೆಯಾದ ದಿನಾಂಕಗಳು.”

ಇದನ್ನು ತಾಲ್ಲೂಕು ಪಂಚಾಯಿತಿಗೂ ಸಮಗ್ರ ಗಿರಿಜನ ಅಭಿವೃದ್ಧಿ ಯೋಜನೆಯ ಕಚೇರಿಗೂ ಬೇರೆ ಬೇರೆಯಾಗಿ ಕೊಡಿ. ಉತ್ತರಕ್ಕೆ 30 ದಿನ ಅವಧಿ ಇದೆ. ಅಷ್ಟರಲ್ಲಿ ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಸಲ್ಲಿಸಿ. ಅವಧಿ ಮೀರಿ ಕೊಡುವ ಪ್ರತಿಗಳಿಗೆ ದುಡ್ಡು ಕೇಳುವಂತಿಲ್ಲ ಎಂದು ಕಾಯ್ದೆಯಲ್ಲೇ ಇದೆ.

ಒಮ್ಮೊಮ್ಮೆ “ಅಂತಹ ಅಂದಾಜುಪಟ್ಟಿ ಕಚೇರಿಯಲ್ಲಿ ಲಭ್ಯವಿರುವುದಿಲ್ಲ” ಎಂಬ ಉತ್ತರ ಬರುತ್ತದೆ. ಹುಡುಗರು ಅದನ್ನು ನೋಡಿ ಸೋತ ಮುಖ ಮಾಡುತ್ತಾರೆ. ನನಗಂತೂ ಅದು ಬಲು ಬೆಲೆಯುಳ್ಳ ಕಾಗದ. ಆ ಜಾಗದಲ್ಲಿ ಮನೆ ಕಟ್ಟಲು ಎಷ್ಟು ಬೀಳುತ್ತದೆ ಎಂದು ಯಾರೂ ಲೆಕ್ಕ ಹಾಕಿಲ್ಲ ಎಂಬುದನ್ನು ಕಚೇರಿಯೇ ಸಹಿ ಮೊಹರಿನೊಂದಿಗೆ ಬರೆದುಕೊಟ್ಟಂತೆ. ಜೋಪಾನವಾಗಿ ಎತ್ತಿಡಿ.

ಒಂದು ಮನೆಯ ತೂಕ

ಸಾಗಣೆಯ ತಪ್ಪು ಎಷ್ಟು ದೊಡ್ಡದು ಎಂದು ತಿಳಿಯಬೇಕಾದರೆ ಮನೆಯನ್ನು ತೂಕ ಹಾಕಿ ನೋಡಬೇಕು. ಯೋಜನೆಯ ಕನಿಷ್ಠ ಅಳತೆ 25 ಚದರ ಮೀಟರ್, ಅಂದರೆ 269 ಚದರ ಅಡಿ. ಐದು ಮೀಟರ್ ಉದ್ದ, ಐದು ಮೀಟರ್ ಅಗಲ, ನಡುವೆ ಒಂದು ಗೋಡೆ, ಮೇಲೆ ಮೋಲ್ಡ್ ಎಂದುಕೊಳ್ಳಿ. ಆರು ಇಂಚಿನ ಕಾಂಕ್ರೀಟ್ ಬ್ಲಾಕ್ ಸುಮಾರು 800 ಬೇಕು. ಒಂದೊಂದೂ 25 ಕಿಲೋ ಮೇಲೆಯೇ ತೂಗುತ್ತದೆ, ಒಟ್ಟು 20 ಟನ್. ಪಾಯಕ್ಕೆ ಸೈಜುಗಲ್ಲು 30 ಟನ್ ಆಸುಪಾಸು. ಎಂ-ಸ್ಯಾಂಡ್ ನಾಲ್ಕು ಯೂನಿಟ್, 18 ಟನ್ ಹತ್ತಿರ. ಜಲ್ಲಿ 10 ಟನ್. ಸಿಮೆಂಟ್ ನೂರು ಮೂಟೆ, 5 ಟನ್. ಕಬ್ಬಿಣ, ಬಾಗಿಲು, ಕಿಟಕಿ ಬಿಟ್ಟರೂ 80 ಟನ್ ದಾಟಿತು.

ಟಿಪ್ಪರ್ ಗೇಟಿನವರೆಗೆ ಬರುತ್ತದೆ. ಒಳಗಿನ ಕಚ್ಚಾ ದಾರಿಯಲ್ಲಿ ಹೋಗುವುದು ಟ್ರ್ಯಾಕ್ಟರ್ ಮಾತ್ರ. ಟ್ರೇಲರಿಗೆ 3 ಟನ್ ಹಿಡಿದರೆ 80 ಟನ್ನಿಗೇ 27 ಟ್ರಿಪ್. ಗೇಟಿನ ಬಳಿ ಸುರಿದದ್ದನ್ನು ಮತ್ತೆ ತುಂಬುವ ಕೂಲಿ ಸೇರಿಸಿ ಟ್ರಿಪ್ಪಿಗೆ 800 ರೂಪಾಯಿ ಎಂದು ಹಿಡಿದರೂ 21,600 ರೂಪಾಯಿ ಆಯಿತು. 2 ಲಕ್ಷದಲ್ಲಿ ಹತ್ತನೇ ಒಂದು ಭಾಗಕ್ಕೂ ಹೆಚ್ಚು ಹಣ ಆ ಮೂರು ಕಿಲೋಮೀಟರಿನಲ್ಲೇ ಕರಗಿಹೋಗುತ್ತದೆ.

ಈ ಲೆಕ್ಕವನ್ನು ನಾನು ಕಾಗದದ ಮೇಲೆ ಮಾಡಿದ್ದೆ. ಅದು ಸರಿ ಎಂದು ತೋರಿಸಿಕೊಟ್ಟದ್ದು ಒಬ್ಬ ಅಜ್ಜಿ. “ಎಷ್ಟು ಟ್ರಿಪ್ ಬಂತು ಅಜ್ಜಿ, ನೆನಪಿದೆಯೇ?” ಎಂದು ಕೇಳಿದೆ. ಆಕೆ ಮಾತನಾಡದೆ ಎದ್ದು ನನ್ನನ್ನು ಹಳೆಯ ಗುಡಿಸಲಿನ ಹಿಂಬದಿಗೆ ಕರೆದೊಯ್ದಳು. ಮಣ್ಣಿನ ಗೋಡೆಯ ಮೇಲೆ ಇದ್ದಿಲಿನಲ್ಲಿ ಎಳೆದ ಗೀಟುಗಳು, ಐದೈದರ ಗುಂಪಿನಲ್ಲಿ. ಒಂದೊಂದು ಟ್ರ್ಯಾಕ್ಟರ್ ಬಂದಾಗಲೂ ಮೊಮ್ಮಗ ಒಂದೊಂದು ಗೀಟು ಎಳೆದಿದ್ದ. ಎಣಿಸಿದೆ, 29. “ಟ್ರ್ಯಾಕ್ಟರಿನವನು ಸುಳ್ಳು ಲೆಕ್ಕ ಹೇಳಬಾರದೆಂದು ಬರೆಸಿದ್ದೆ ಸ್ವಾಮಿ” ಎಂದಳು. ಆ ಗೋಡೆಯ ಫೋಟೋ ತೆಗೆದು, ಎಳೆದ ಹುಡುಗನ ಸಹಿ ಹಾಕಿಸಿ, ನಮ್ಮ ಅರ್ಜಿಗೆ ಅನುಬಂಧವಾಗಿ ಸೇರಿಸಿದೆವು. ತನಿಖೆಗೆ ಬಂದ ಸಹಾಯಕ ಎಂಜಿನಿಯರ್ ಮೊದಲು ಕೇಳಿದ್ದು ಆ ಗೋಡೆ ಎಲ್ಲಿದೆ ಎಂದು.

ಪುರಾವೆ ಕೂಡಿಸುವಾಗ

ಕಟ್ಟಿ ಮುಗಿಸಿದ ಮನೆಯ ಬಿಲ್ಲುಗಳಿಗಿಂತ ದೊಡ್ಡ ಪುರಾವೆ ಬೇರೆ ಇಲ್ಲ. ಹಾಡಿಯಲ್ಲಿ ಮೊದಲು ಮುಗಿದ ನಾಲ್ಕೈದು ಮನೆಗಳವರನ್ನು ಕೇಳಿ. ಬಿಲ್ಲುಗಳು ಸೂರಿಗೆ ಸಿಕ್ಕಿಸಿದ ಪ್ಲಾಸ್ಟಿಕ್ ಕವರಿನಲ್ಲೋ, ದೇವರ ಪಟದ ಹಿಂದೆಯೋ ಇರುತ್ತವೆ. ಯಂತ್ರದಲ್ಲಿ ಬಂದ ತೆಳು ಕಾಗದದ ರಸೀದಿ ಬೇಗ ಮಾಸಿಹೋಗುತ್ತದೆ. ಸಿಕ್ಕ ದಿನವೇ ಮೊಬೈಲಿನಲ್ಲಿ ಫೋಟೋ ತೆಗೆದು ಜೆರಾಕ್ಸ್ ಮಾಡಿಸಿ, ಹಿಂಬದಿಯಲ್ಲಿ ಮನೆಯವರ ಹೆಸರು, ದಿನಾಂಕ ಬರೆಯಿರಿ.

ಬಿಲ್ಲು ಇಲ್ಲದವರಿಗೆ ಮೂರು ಅಂಗಡಿಗಳಿಂದ ದರಪತ್ರ ತರಿಸಿ. ಜಿಎಸ್‌ಟಿ ಸಂಖ್ಯೆ, ದಿನಾಂಕ, ಮೊಹರು ಇರಬೇಕು. “ಹಾಡಿಗೆ ತಲುಪಿಸುವ ದರ” ಮತ್ತು “ಅಂಗಡಿಯಲ್ಲಿ ಕೊಡುವ ದರ” ಎರಡನ್ನೂ ಪ್ರತ್ಯೇಕವಾಗಿ ಬರೆಸಿ. ಆ ಎರಡರ ನಡುವಿನ ವ್ಯತ್ಯಾಸವೇ ನಮ್ಮ ವಾದ.

ಗುತ್ತಿಗೆದಾರನ ಹೆಸರಿನ ಬಿಲ್ಲನ್ನು ಮಾತ್ರ ಲಗತ್ತಿಸಬೇಡಿ. ಈ ಯೋಜನೆಗಳಲ್ಲಿ ಮನೆಯನ್ನು ಫಲಾನುಭವಿಯೇ ಕಟ್ಟಿಸಿಕೊಳ್ಳಬೇಕು, ಗುತ್ತಿಗೆದಾರರಿಗೆ ವಹಿಸುವಂತಿಲ್ಲ. ಮುಂಗಡ ಕೊಟ್ಟು ಮೋಸ ಹೋದ ಕುಟುಂಬಗಳು ಬಹಳ ಇವೆ, ಅವರ ದೂರು ನ್ಯಾಯವಾದದ್ದೇ. ಆದರೆ ಅದು ಬೇರೆ ಅರ್ಜಿ. ಎರಡನ್ನೂ ಒಂದೇ ಕಡತದಲ್ಲಿ ಬೆರೆಸಿದರೆ ದರದ ಮಾತು ಬದಿಗೆ ಸರಿದು, ತಪ್ಪು ಫಲಾನುಭವಿಯದೇ ಎಂದಾಗುತ್ತದೆ.

ದೂರ ಅಳೆಯಲು ಬೈಕಿನ ಮೀಟರ್ ಸಾಕು. ಅಂಗಡಿಯಿಂದ ಹೊರಡುವಾಗ ಒಂದು ಫೋಟೋ, ಡಾಂಬರು ಮುಗಿಯುವಲ್ಲಿ ಒಂದು, ಗೇಟಿನಲ್ಲಿ ಒಂದು, ಪಾಯ ತೋಡಿದ ಜಾಗದಲ್ಲಿ ಒಂದು. ಅಕ್ಷಾಂಶ, ರೇಖಾಂಶ, ದಿನಾಂಕ ಫೋಟೋದ ಮೇಲೆಯೇ ಬರುವ ಆ್ಯಪ್ ಬಳಸಿ. ಜುಲೈನಲ್ಲಿ ಇನ್ನೊಮ್ಮೆ ಹೋಗಿ ತೆಗೆಯಿರಿ. ಹಳ್ಳ ತುಂಬಿ ಹರಿಯುವ ಒಂದು ಚಿತ್ರ ಸಾಗಣೆಯ ಬಗ್ಗೆ ಹೇಳುವಷ್ಟನ್ನು ನಾಲ್ಕು ಪುಟ ಮನವಿ ಹೇಳಲಾರದು.

ಈಗ ಪಟ್ಟಿ ಮಾಡಿ. ಒಂದು ಸಾಲಿಗೆ ಒಂದು ಬಾಬ್ತು: ಅಂದಾಜಿನಲ್ಲಿರುವ ಪ್ರಮಾಣ, ಅಂದಾಜಿನ ದರ, ನಿಜವಾಗಿ ಕೊಟ್ಟ ದರ, ವ್ಯತ್ಯಾಸ, ಯಾವ ಅನುಬಂಧದಲ್ಲಿ ಪುರಾವೆ ಇದೆ. ಪುರಾವೆ ಇಲ್ಲದ ಬಾಬ್ತನ್ನು ಬಿಟ್ಟುಬಿಡಿ, ಎಷ್ಟೇ ನಿಜವಾಗಿರಲಿ.

ಇಲ್ಲಿ ಒಂದು ಎಚ್ಚರಿಕೆ. ದರಪಟ್ಟಿಯಲ್ಲಿ ಮುಗಿದ ಕೆಲಸದ ದರಗಳೂ ಇರುತ್ತವೆ, ಸಾಮಗ್ರಿಯ ಮೂಲ ದರಗಳೂ ಇರುತ್ತವೆ. ಒಂದು ಘನ ಮೀಟರ್ ಗೋಡೆಯ ದರದೊಳಗೆ ಸಾಮಗ್ರಿ, ಕೂಲಿ, ಗುತ್ತಿಗೆದಾರರ ಲಾಭ ಎಲ್ಲವೂ ಸೇರಿರುತ್ತವೆ. ನಿಮ್ಮ ಸಿಮೆಂಟ್ ಮೂಟೆಯ ಬಿಲ್ಲನ್ನು ಮೂಲ ದರದ ಜೊತೆ ಮಾತ್ರ ಹೋಲಿಸಿ. ಬೆಟ್ಟ, ಕಾಡು ಪ್ರದೇಶದ ಕೆಲಸಕ್ಕೆ ಹೆಚ್ಚುವರಿ ಶೇಕಡಾವಾರು ಇದೆಯೇ ಎಂದು ದರಪಟ್ಟಿಯ ಸಾಮಾನ್ಯ ಟಿಪ್ಪಣಿಗಳನ್ನೂ ಓದಿ. ಇದ್ದು, ಅಂದಾಜಿನಲ್ಲಿ ಸೇರಿಸದಿದ್ದರೆ ಅದೇ ನಿಮ್ಮ ಮೊದಲ ಸಾಲು.

ಇಳಿದ ದರಗಳನ್ನೂ ಪ್ರಾಮಾಣಿಕವಾಗಿ ತೋರಿಸಿ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ಅದಕ್ಕೂ ಹಿಂದಿನ ಬಿಲ್ಲುಗಳನ್ನು ಇಂದಿನ ಬೆಲೆಯೆಂದು ಕೊಟ್ಟರೆ ನಿಮ್ಮ ಎದುರಿಗಿರುವವರು ಅದೊಂದನ್ನೇ ಹಿಡಿದು ಉಳಿದ ಹತ್ತು ಸಾಲುಗಳನ್ನೂ ತಳ್ಳಿಹಾಕುತ್ತಾರೆ. ಹಿಂದೊಮ್ಮೆ ಕಬ್ಬಿಣದ ಬೆಲೆ ಇಳಿದದ್ದನ್ನು ನಾವು ಗಮನಿಸದೆ ಬಿಟ್ಟಿದ್ದರಿಂದ ಎಂಟು ತಿಂಗಳ ಕೆಲಸ ಒಂದೇ ವಾಕ್ಯದ ಟಿಪ್ಪಣಿಯಲ್ಲಿ ಮುಗಿದುಹೋಯಿತು. ಆ ಹಾಡಿಯವರ ಮುಖ ಇನ್ನೂ ನನ್ನ ಕಣ್ಣ ಮುಂದಿದೆ.

ಠರಾವು, ಆಮೇಲೆ ಮನವಿ

ಕರ್ನಾಟಕದಲ್ಲಿ ಸಂವಿಧಾನದ ಐದನೇ ಅನುಸೂಚಿಯ ಬುಡಕಟ್ಟು ಪ್ರದೇಶ ಇಲ್ಲ. ಹಾಗಾಗಿ ಅಂಥ ಪ್ರದೇಶಗಳ ಗ್ರಾಮಸಭೆಗೆ ಹೆಚ್ಚಿನ ಅಧಿಕಾರ ಕೊಡುವ ಪೆಸಾ ಕಾಯ್ದೆಯನ್ನು ಉಲ್ಲೇಖಿಸಬೇಡಿ, ಅರ್ಜಿಯ ತೂಕ ಕಡಿಮೆಯಾಗುತ್ತದೆ. ನಮ್ಮ ಪಂಚಾಯತ್ ರಾಜ್ ಕಾಯ್ದೆಯ ಗ್ರಾಮಸಭೆಯೇ ಸಾಕು. “ಅನುದಾನ ಹೆಚ್ಚಿಸಲು ಒತ್ತಾಯಿಸಲಾಯಿತು” ಎಂಬ ಠರಾವು ಯಾವ ಪ್ರಯೋಜನಕ್ಕೂ ಬಾರದು. ಅಂಕಿ ಇರಬೇಕು. ಹೀಗೆ ಬರೆಸಿ: “…… ಹಾಡಿಯ ಮನೆಗಳ ಅಂದಾಜಿನಲ್ಲಿ ಸಾಗಣೆ ದೂರ …… ಕಿ.ಮೀ. ಎಂದು ನಮೂದಾಗಿದ್ದು, ಅಳತೆಯಂತೆ ಅದು …… ಕಿ.ಮೀ. ಇರುತ್ತದೆ. ಕೊನೆಯ …… ಕಿ.ಮೀ.ಗೆ ಟಿಪ್ಪರ್ ಸಂಚಾರ ಸಾಧ್ಯವಿಲ್ಲ. ಜಂಟಿ ಸ್ಥಳ ತನಿಖೆ ನಡೆಸಿ ಪರಿಷ್ಕೃತ ಅಂದಾಜು ತಯಾರಿಸಲು ಸಭೆ ಸರ್ವಾನುಮತದಿಂದ ತೀರ್ಮಾನಿಸಿತು.” ನಡಾವಳಿಯ ದೃಢೀಕೃತ ಪ್ರತಿಯನ್ನು ಆ ವಾರವೇ ಪಡೆಯಿರಿ. ಸಭೆಗೆ ಹಾಡಿಯ ಹೆಂಗಸರು ಬರಲೇಬೇಕು. ನೀರು ಹೊತ್ತು ಗೋಡೆಗೆ ಕ್ಯೂರಿಂಗ್ ಮಾಡಿದವರು ಅವರು, ಎಷ್ಟು ಕೊಡ ಹೊತ್ತೆವೆಂದು ಅವರಿಗೇ ಗೊತ್ತು.

‘ಜಂಟಿ ಸ್ಥಳ ತನಿಖೆ’ ಎಂಬ ಮಾತನ್ನು ಬಿಡಬೇಡಿ. ಹಣ ಹೆಚ್ಚಿಸಿ ಎಂದರೆ ಕೈಯಲ್ಲಿಲ್ಲ ಎನ್ನುವ ಅಧಿಕಾರಿ, ಬಂದು ಅಳೆಯಿರಿ ಎಂದರೆ ಹಾಗೆ ಹೇಳಲಾರರು. ಅಳೆದ ಮೇಲೆ ಸ್ಥಳದಲ್ಲೇ ಮಹಜರು ಬರೆಸಿ, ಎಲ್ಲರ ಸಹಿ ಹಾಕಿಸಿ.

ಮನವಿಯನ್ನು ಜಿಲ್ಲಾ ಪಂಚಾಯಿತಿ ಮುಖ್ಯ ಕಾರ್ಯನಿರ್ವಹಣಾಧಿಕಾರಿಗೆ ಕೊಟ್ಟು, ಗಿರಿಜನ ಯೋಜನಾ ಕಚೇರಿಗೂ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮಕ್ಕೂ ಪ್ರತಿ ಕಳುಹಿಸಿ. ಒಬ್ಬೊಬ್ಬರಿಗೆ ಅವರ ಕೈಯಲ್ಲಿರುವುದನ್ನು ಮಾತ್ರ ಕೇಳಿ. ಜಿಲ್ಲೆಯವರಿಂದ ಪರಿಷ್ಕೃತ ಅಂದಾಜು, ಕೂಲಿ ದಿನಗಳ ಎನ್‌ಎಂಆರ್ (ಕೂಲಿಯವರ ಹಾಜರಿ ಪಟ್ಟಿ) ಸಕಾಲಕ್ಕೆ ತೆಗೆಯುವುದು, ಮತ್ತು ಮುಖ್ಯವಾಗಿ ರಸ್ತೆ. ಜನ್‌ಮನ್‌ನಲ್ಲಿ ಮನೆಗಳ ಜೊತೆ ರಸ್ತೆಗೂ ಹಣ ಇದೆ: ದೇಶಕ್ಕೆ 8,000 ಕಿಲೋಮೀಟರ್, ಕಿಲೋಮೀಟರಿಗೆ 1 ಕೋಟಿ. ಮನೆ ಮುಗಿದ ಮೇಲೆ ರಸ್ತೆ ಬಂದರೆ ಆ 27 ಟ್ರಿಪ್ಪಿನ ಹಣ ಆಗಲೇ ಹೋಗಿರುತ್ತದೆ. ಮೊದಲು ರಸ್ತೆ, ಆಮೇಲೆ ಪಾಯ ಎಂದು ಪಟ್ಟು ಹಿಡಿಯಿರಿ. ಸಹಾಯಧನದ ಒಂದು ರೂಪಾಯಿಯೂ ಹೆಚ್ಚದೆ ಮನೆಯ ವೆಚ್ಚ ಇಳಿಯುವ ದಾರಿ ನನಗೆ ತಿಳಿದಂತೆ ಇದೊಂದೇ.

ರಾಜ್ಯ ಸರ್ಕಾರಕ್ಕೆ ಎರಡು ಬೇಡಿಕೆ. ತನ್ನ ಬೊಕ್ಕಸದಿಂದ ಹೆಚ್ಚುವರಿ ಸೇರಿಸುವುದು ಒಂದು. ಇನ್ನೊಂದು, ಜನ್‌ಮನ್ ಪಟ್ಟಿಯಲ್ಲಿಲ್ಲದ ಸೋಲಿಗ, ಬೆಟ್ಟಕುರುಬ, ಯರವ ಮುಂತಾದ ಸಮುದಾಯಗಳವರಿಗೆ ಬಹಳ ಮುಖ್ಯವಾದದ್ದು. ಆವಾಸ್ ಯೋಜನೆಯ ಮಾರ್ಗಸೂಚಿಯಲ್ಲಿ ‘ದುರ್ಗಮ ಪ್ರದೇಶ’ ಎಂದರೆ ಸಾಮಗ್ರಿ ಸಿಗದಿರುವುದು, ಸಂಪರ್ಕ ಇಲ್ಲದಿರುವುದು, ಪ್ರತಿಕೂಲ ಹವಾಮಾನ ಇವುಗಳಿಂದ ಕಟ್ಟುವ ವೆಚ್ಚ ಹೆಚ್ಚಾಗುವ ಜಾಗ. ಅದನ್ನು ಗುರುತಿಸುವುದು ರಾಜ್ಯ ಸರ್ಕಾರ, ಒಂದು ಗ್ರಾಮ ಪಂಚಾಯಿತಿಯನ್ನು ಘಟಕವಾಗಿ ಹಿಡಿದು. ಅಂದರೆ ಇಡೀ ತಾಲ್ಲೂಕು ಬಯಲಾಗಿದ್ದರೂ ನಿಮ್ಮ ಒಂದು ಪಂಚಾಯಿತಿಯನ್ನು ಸೇರಿಸಲು ಕೇಳಬಹುದು. ಹತ್ತು ಸಾವಿರ ರೂಪಾಯಿ ಮತ್ತು ಕೂಲಿಯ ದಿನಗಳು 90ರಿಂದ 95ಕ್ಕೆ ಏರುವುದು ದೊಡ್ಡದೆನಿಸದಿರಬಹುದು. ಬಾಗಿಲು, ಕಿಟಕಿ ಕೂರಿಸಲಾಗದೆ ಗೋಣಿಚೀಲ ಕಟ್ಟಿದ ಮನೆಗಳನ್ನು ಕಂಡವನಿಗೆ ಅದು ದೊಡ್ಡದೇ.

ಕೇಂದ್ರಕ್ಕೆ ಬರೆಯುವಾಗ ಗ್ರಾಮೀಣಾಭಿವೃದ್ಧಿ ಸಚಿವಾಲಯ ಮತ್ತು ಬುಡಕಟ್ಟು ವ್ಯವಹಾರಗಳ ಸಚಿವಾಲಯ ಎರಡಕ್ಕೂ ಬರೆಯಿರಿ. 2 ಲಕ್ಷವನ್ನು 269 ಚದರ ಅಡಿಗೆ ಭಾಗಿಸಿದರೆ ಅಡಿಗೆ 743 ರೂಪಾಯಿ, 1.20 ಲಕ್ಷಕ್ಕೆ 446. ಈ ಎರಡು ಅಂಕಿಗಳನ್ನು ಮೊದಲ ಪ್ಯಾರಾದಲ್ಲೇ ಇಟ್ಟು, ಪಕ್ಕದಲ್ಲಿ ನಿಮ್ಮ ಮಹಜರಿನಿಂದ ಸಿಕ್ಕ ಅಡಿಯ ದರ ಬರೆಯಿರಿ. ಎಲ್ಲಿಂದಲೂ ಉತ್ತರ ಬಾರದಿದ್ದರೆ ಸಂವಿಧಾನದ 338ಎ ವಿಧಿಯಡಿ ಇರುವ ರಾಷ್ಟ್ರೀಯ ಪರಿಶಿಷ್ಟ ಪಂಗಡಗಳ ಆಯೋಗಕ್ಕೆ ದೂರು ಕೊಡಬಹುದು. ವಿಚಾರಣೆಯಲ್ಲಿ ಅಧಿಕಾರಿಗಳನ್ನು, ದಾಖಲೆಗಳನ್ನು ಕರೆಸುವ ಸಿವಿಲ್ ನ್ಯಾಯಾಲಯದ ಅಧಿಕಾರ ಅದಕ್ಕಿದೆ.

ಪ್ರತಿ ಕಚೇರಿಯಲ್ಲೂ ಸ್ವೀಕೃತಿ ಸಂಖ್ಯೆ ಬರೆಸಿಕೊಳ್ಳಿ. ಇಪ್ಪತ್ತು ದಿನಕ್ಕೊಮ್ಮೆ ಆ ಸಂಖ್ಯೆ ಹಿಡಿದು ಹೋಗಿ, ಕಡತ ಯಾವ ಮೇಜಿನಲ್ಲಿದೆ ಎಂದು ಕೇಳಿ, ಗುಮಾಸ್ತರು ಹೇಳಿದ್ದನ್ನು ದಿನಾಂಕದೊಂದಿಗೆ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಪ್ರತಿಸಲ ಒಬ್ಬರೇ ಹೋಗಬೇಡಿ, ಪ್ರತಿಸಲ ಹೊಸಬರೂ ಹೋಗಬೇಡಿ. ಹಿಂದಿನ ಸಲ ಹೋದವರೊಬ್ಬರು, ಮುಂದಿನ ಸಲ ಹೋಗಬೇಕಾದವರೊಬ್ಬರು ಜೊತೆಗಿರಲಿ. ಅಜ್ಜಿಯ ಹಾಡಿಯ ಕಡತಕ್ಕೆ ಹದಿನಾಲ್ಕು ತಿಂಗಳು ಹಿಡಿಯಿತು. ಆಮೇಲೆ ಬಂದ ಪರಿಷ್ಕೃತ ಲೀಡ್ ಸ್ಟೇಟ್‌ಮೆಂಟಿನಲ್ಲಿ ‘ಟ್ರ್ಯಾಕ್ಟರ್ ಮೂಲಕ ಮರುಸಾಗಣೆ, 3 ಕಿ.ಮೀ.’ ಎಂಬ ಹೊಸ ಸಾಲು ಇತ್ತು. ಆಕೆಯ ಮನೆ ಆಗಲೇ ಮುಗಿದಿದ್ದರಿಂದ ಆ ಹಣ ಆಕೆಗೆ ಬರಲಿಲ್ಲ. ಪಕ್ಕದ ಸಾಲಿನ ಹನ್ನೊಂದು ಮನೆಗಳ ಅಂದಾಜಿಗೆ ಅದು ಸೇರಿತು. ಆಕೆಯ ಮೊಮ್ಮಗ ಈಗ ಆ ಮನೆಗಳಿಗೆ ಬರುವ ಟ್ರಿಪ್ಪುಗಳನ್ನು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಾನೆ.